ಎರಡು ಫೋನು, ಒಂದು ಎಣ್ಣೆಗಾಯಿ

ಹೊಸ ಕಾರ್ಡ್‌ಲೆಸ್ ಫೋನಿಗೆ ಎರಡು ಸಾವಿರದ ಇನ್ನೂರು ರೂಪಾಯಿ. ಕೋಠಿ ಪೇಟೆಗೆ ಒಯ್ದು ರಿಪೇರಿ ಮಾಡಿಸಿದರೆ ನಾನೂರೈವತ್ತು, ಆಟೋ ಖರ್ಚು ಬೇರೆ. ಸಣ್ಣ ಸ್ಕ್ರೂಡ್ರೈವರಿಗೆ ನಲವತ್ತೇ. ಹೈದರಾಬಾದಿನ ದಿಲ್‌ಸುಖ್‌ನಗರದ ನಿವೃತ್ತ ಗುಮಾಸ್ತ ಜಯತೀರ್ಥರು ಸ್ಕ್ರೂಡ್ರೈವರ್ ಕೊಂಡರು.

ಹ್ಯಾಂಡ್‌ಸೆಟ್ಟಿನ ಹಸಿರು ಗುಂಡಿ ಕೈಕೊಟ್ಟಿತ್ತು. ಫೋನು ಹೊಡೆದುಕೊಳ್ಳುತ್ತಿತ್ತು, ಎತ್ತಲು ಬರುತ್ತಿರಲಿಲ್ಲ. ಅಂದೇ ನಾಲ್ಕು ಗಂಟೆಗೆ ರೇಡಿಯೋದ ಕನ್ನಡ ಅಡುಗೆ ಕಾರ್ಯಕ್ರಮದವರು ಅವರ ಹೆಂಡತಿ ಶಾಮಲಾಗೆ ಫೋನ್ ಮಾಡಿ, ನೇರ ಪ್ರಸಾರದಲ್ಲಿ ಎಣ್ಣೆಗಾಯಿ ಮಾಡುವ ಬಗೆ ಕೇಳುವವರಿದ್ದರು. ಮೊಬೈಲಿನಲ್ಲಿ ದನಿ ಒಡೆಯುತ್ತದೆ, ಲ್ಯಾಂಡ್‌ಲೈನೇ ಬೇಕು ಎಂದಿದ್ದರು. ಕಲಬುರಗಿಯ ತವರಿನವರೆಲ್ಲ ರೇಡಿಯೋ ಮುಂದೆ ಕೂಡುವವರು.

"ಅಲ್ರೀ, ಅಂಗಡಿಗೆ ಒಯ್ಯಬಾರದಾ?"

"ಐದು ಸ್ಕ್ರೂ ಅವ. ಐದು ನಿಮಿಷದ ಕೆಲಸ."

ಸ್ಕ್ರೂ ಬಂದವು, ಮುಚ್ಚಳ ಬರಲಿಲ್ಲ. ಕೊನೆಗೆ ಅತ್ತೆಯ ಬಾಯಿಂದ ಸೊಸೆಯ ಹೊಗಳಿಕೆ ಬಂದಂತೆ ಬಲು ಕಷ್ಟದಿಂದ ಬಂತು. ಒಳಗಿನದೆಲ್ಲ ಜೋಳದ ಅರಳಿನಂತೆ ಹಾರಿತು.

ಎದುರು ಮನೆಯ ವೈಜನಾಥ ಇಣುಕಿದ. "ಏನ್ ಕಾರ್ಖಾನಿ ಹಚ್ಚೀರಿ ರಾಯರ? ಚಿಂತಿ ಬ್ಯಾಡ್ರಿ. ನಮ್ಮ ಮನ್ಯಾಗೂ ಇಂಥಾದ್ದೇ ಫೋನ್ ಐತಿ. ಅದನ್ನೂ ಬಿಚ್ಚಿ ಬಾಜೂಕ ಇಡೂಣು. ನೋಡಿ ಕೂಡಿಸಿದರ ತಪ್ಪಂಗಿಲ್ಲ."

ಎರಡನ್ನೂ ಪೇಪರಿನ ಮೇಲೆ ಹರಡಿದರು. ವೈಜನಾಥನಿಗೆ ಸೆಕೆಯಾಯಿತು, ಫ್ಯಾನ್ ಹಾಕಿದ. ಪೇಪರ್ ಎದ್ದಿತು. ಸ್ಕ್ರೂ, ಗುಂಡಿಯ ರಬ್ಬರು, ಹಸಿರು ಸರ್ಕ್ಯೂಟ್ ಪ್ಲೇಟು ಎಲ್ಲ ಮಂಚದಡಿ ಸೇರಿದವು.

"ಕೆಟ್ಟಿದ್ದು ಒಂದು, ಈಗ ಎರಡಾದವು," ಎಂದಳು ಶಾಮಲಾ.

ಹೊಟ್ಟೆಯ ಮೇಲೆ ತೆವಳಿ ಹೆಕ್ಕಿ, ರಬ್ಬರು ಒರೆಸಿ, ಮೂರೂವರೆಗೆ ಎರಡನ್ನೂ ಜೋಡಿಸಿದರು. ಹಸಿರು ಗುಂಡಿ ಒತ್ತಿದರೆ ಎರಡರಲ್ಲೂ ಡಯಲ್ ಟೋನ್!

"ಅಂಗಡಿ ತೆರೀರಿ ರಾಯರ!" ಎಂದು ವೈಜನಾಥ ತನ್ನದನ್ನು ಮನೆಗೆ ಒಯ್ದ.

ಶಾಮಲಾ ಇಳಕಲ್ ಸೀರೆ ಉಟ್ಟು ಬಂದಳು.

"ರೇಡಿಯೋದಾಗ ಸೀರಿ ಕಾಣ್ತದೇನ?"

"ದನಿಯೊಳಗ ಕಾಣ್ತದ, ಸುಮ್ಮನಿರ್ರಿ."

ನಾಲ್ಕು ಹೊಡೆಯಿತು. "ಈಗ ಹೈದರಾಬಾದಿನ ಶಾಮಲಾ ಅವರಿಗೆ ಫೋನ್ ಮಾಡೋಣ," ಎಂದಿತು ರೇಡಿಯೋ. ಶಾಮಲಾಳ ತೊಡೆಯ ಮೇಲಿನ ಫೋನು ಮೌನವ್ರತ ಹಿಡಿದಿತ್ತು. ಎದುರು ಮನೆಯಲ್ಲಿ ಟ್ರಿಣ್ ಟ್ರಿಣ್ ಎಂದಿತು.

"ನಮಸ್ಕಾರ, ಶಾಮಲಾ ಅವರಾ?"

"ಅಲ್ಲರಿ, ಆಕಿ ಎದುರು ಮನ್ಯಾಕಿ," ರೇಡಿಯೋದಿಂದ ವೈಜನಾಥನ ಹೆಂಡತಿಯ ದನಿ ಬಂತು. "ನಾ ಸಾವಿತ್ರಿಬಾಯಿ. ಎಣ್ಣೆಗಾಯಿ ಏನ್ರಿ? ಆಕೀದ್ರಾಗ ಬರೇ ಎಣ್ಣಿ ಇರ್ತೈತಿ. ನಂದು ಬರಕೋರಿ..."

ಜಯತೀರ್ಥರಿಗೆ ಆಗ ಹೊಳೆಯಿತು. ಹೊರಗಿನ ಕವಚ ಅವರವರದೇ, ಒಳಗಿನ ಹಸಿರು ಪ್ಲೇಟು ಅದಲುಬದಲು. ಲೈನಿಗೆ ಸಿಕ್ಕಿಸಿದ ಬೇಸ್ ಪೆಟ್ಟಿಗೆ ಗುರುತಿಸುವುದು ಪ್ಲೇಟನ್ನೇ ಹೊರತು ಕವಚವನ್ನಲ್ಲ. ಓಡಿಹೋಗಿ ಬಾಗಿಲು ಬಡಿದರು. "ಗದ್ದಲ ಮಾಡಬ್ಯಾಡ್ರಿ, ರೇಡಿಯೋದಾಗ ಮಾತಾಡಾಕತ್ತೀನಿ!" ಎಂದು ಒಳಗಿನಿಂದ ಬಂದ ಉತ್ತರ ಮೂರು ರಾಜ್ಯಗಳಿಗೆ ಕೇಳಿಸಿತು.

ಹನ್ನೆರಡು ನಿಮಿಷ ಸಾವಿತ್ರಿಬಾಯಿ ಮಾತಾಡಿದಳು. ಆಮೇಲೆ ಕಲಬುರಗಿಯಿಂದ ಶಾಮಲಾಳ ತಾಯಿ ಮೊಬೈಲಿಗೆ ಫೋನ್ ಮಾಡಿದಳು. "ನಿಂದು ಬರಲಿಲ್ಲಲ್ಲ? ಹೋಗಲಿ ಬಿಡು. ಆ ಸಾವಿತ್ರಿಬಾಯಿ ಭಾಳ ಛಲೋ ಹೇಳಿದಳು, ಆಕಿ ನಂಬರ್ ಕೊಡು."

ಶಾಮಲಾ ಮೊಬೈಲನ್ನು ಗಂಡನ ಕೈಗಿತ್ತಳು. ಫೋನು ರಿಪೇರಿಯಾಗಿತ್ತು, ಕಾರ್ಯಕ್ರಮ ಹೋಗಿತ್ತು. ಜಯತೀರ್ಥರು ಅತ್ತೆಗೆ, ಈಗ ಎದುರು ಮನೆಯಲ್ಲಿ ಹೊಡೆದುಕೊಳ್ಳುತ್ತಿದ್ದ ತಮ್ಮದೇ ಮನೆಯ ನಂಬರ್ ಹೇಳಿದರು.