ಮಾಮುವಿನ ವರಮಾನ

ತಾಲ್ಲೂಕು ಕಚೇರಿಗೆ ಹೋಗಿ, "ನನ್ನ ವರಮಾನ ಇಷ್ಟು ಕಮ್ಮಿ ಬರೆದಿದ್ದೀರಲ್ಲ, ಜಾಸ್ತಿ ಬರೀರಿ!" ಎಂದು ಜಗಳ ತೆಗೆದ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಂಡಿರಲಾರಿರಿ. ಅಂಥವರು ಈ ಭೂಮಿಯ ಮೇಲೆ ಇರುವುದು ಒಬ್ಬರೇ, ಅವರು ನನ್ನ ಮಾಮು, ಅಂದರೆ ಅಮ್ಮಿಯ ತಮ್ಮ. ಹೆಸರು ಹೇಳುವುದಿಲ್ಲ. ಹೇಳಿದರೆ, "ನನ್ನ ಹೆಸರು ಯಾಕೆ ಇಷ್ಟು ಸಣ್ಣ ಅಕ್ಷರದಾಗೆ ಹಾಕ್ಸಿದೆ?" ಎಂದು ಕೇಳುವ ಅಪಾಯವಿದೆ!

ನಾನು ಚಿಕ್ಕವಳಿದ್ದಾಗ ಮೊಳಕಾಲ್ಮೂರಿನಲ್ಲಿ ನನ್ನ ಅಬ್ಬಾ ತೀರಿಕೊಂಡರು. ಅಮ್ಮಿ ನನ್ನನ್ನು ಎತ್ತಿಕೊಂಡು ಚಳ್ಳಕೆರೆಗೆ, ತಮ್ಮನ ಮನೆಗೆ ಬಂದರು. ಮಾಮು ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ, "ನಮ್ಮ ಅಂತಸ್ತಿಗೆ ತಕ್ಕ ಮನೆತನ ಸಿಗಲಿಲ್ಲ" ಎನ್ನುತ್ತಿದ್ದರು. ನಮ್ಮ ಅಂತಸ್ತು ಎಂದರೆ ಎರಡು ಕೋಣೆಯ ಬಾಡಿಗೆ ಮನೆ ಮತ್ತು ಬಳ್ಳಾರಿ ರಸ್ತೆಯಲ್ಲಿ ಒಂದು ಮೋಟರ್ ವೈಂಡಿಂಗ್ ಅಂಗಡಿ. ಸುತ್ತಲ ಹಳ್ಳಿಗಳ ಬೋರ್‌ವೆಲ್ ಮೋಟರು ಸುಟ್ಟುಹೋದರೆ ಅದರ ಹೊಟ್ಟೆ ಬಗೆದು, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವರ ಕೆಲಸ. ಕೆಲಸ ಬೇಕಾದಷ್ಟಿತ್ತು, ಗಳಿಕೆ ಅಷ್ಟಕ್ಕಷ್ಟೇ. ಯಾಕೆಂದರೆ ಯಾರಾದರೂ "ಎಷ್ಟು ಕೊಡ್ಲಿ ಸಾಬ್ರೇ?" ಎಂದು ಕೇಳಿದರೆ ಮಾಮುವಿಗೆ ಅವಮಾನವಾಗುತ್ತಿತ್ತು. "ನಾನೇನು ದುಡ್ಡಿಗೆ ಬಿದ್ದೀನಾ? ಮೊದ್ಲು ಹೊಲಕ್ಕೆ ನೀರು ಹತ್ಲಿ, ಹೋಗ್ರಿ!" ಎನ್ನುತ್ತಿದ್ದರು. ಜನ ಹೋಗುತ್ತಿದ್ದರು. ಎಷ್ಟೋ ಮಂದಿ ಹೋಗಿಯೇ ಬಿಡುತ್ತಿದ್ದರು!

ಸಂಜೆಯಾದರೆ ಮಾಮು ಸೀಮೆಎಣ್ಣೆಯಲ್ಲಿ ಕೈಯ ಗ್ರೀಸು ತೊಳೆದು, ಇಸ್ತ್ರಿ ಮಾಡಿದ ಸಫಾರಿ ತೊಟ್ಟು, ಕಿವಿಯ ಹಿಂದೆ ಅತ್ತರು ಹಚ್ಚಿ, ಟೀ ಅಂಗಡಿಗೆ ಹೊರಡುತ್ತಿದ್ದರು. ಅಲ್ಲಿ ಕೂತವರ ಟೀಗೆಲ್ಲ ಅವರದೇ ದುಡ್ಡು. "ನಮ್ಮ ಮುತ್ತಜ್ಜ ನವಾಬರ ಕಾಲದಾಗೆ ಕುದುರೆ ಜತೆಗೇ ಓಡಾಡ್ತಿದ್ದ" ಎಂದು ಮನೆಯಲ್ಲಿ ಹೇಳಿದರೆ ಅಮ್ಮಿ ಒಳಗಿನಿಂದ, "ಹೌದೌದು, ಹುಲ್ಲಿನ ಹೊರೆ ಹೊತ್ಕೊಂಡು" ಎನ್ನುತ್ತಿದ್ದರು. ಮನೆಯಲ್ಲಿ ನಮ್ಮದು ಉರ್ದು. ಆದರೆ ದಿನವಿಡೀ ರೈತರ ಜೊತೆ ಮಾತಾಡುವ ಮಾಮು ಕನ್ನಡವನ್ನು ಮನೆಗೂ ಹೊತ್ತು ತರುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು, ಸಸ್ಯಶಾಸ್ತ್ರದಲ್ಲಿ. ಮಾಮು ತಲೆ ಕೆರೆದುಕೊಂಡರು. "ಗಿಡ ನೋಡೋಕೆ ಅಷ್ಟು ದೂರ ಹೋಗ್ಬೇಕೇನೇ? ನಾಯಕನಹಟ್ಟಿ ಹಾದೀಲಿ ಬೇಕಾದಷ್ಟು ಜಾಲಿ ಐತಲ್ಲ!" ಆದರೂ ಸಂಭ್ರಮಕ್ಕೆ ಅವತ್ತು ಟೀ ಅಂಗಡಿಯಲ್ಲಿ ಟೀ ಜೊತೆ ಬನ್ನನ್ನೂ ಹಂಚಿದರು.

ಫೀಸು, ಹಾಸ್ಟೆಲು ಎಲ್ಲಕ್ಕೂ ಸ್ಕಾಲರ್‌ಶಿಪ್ ಒಂದೇ ದಾರಿ. ಅದಕ್ಕೆ ಮನೆಯ ವರಮಾನ ಒಂದು ಮಿತಿಯೊಳಗಿರಬೇಕು. ನಮ್ಮದು ಆ ಮಿತಿಯ ಒಳಗಷ್ಟೇ ಅಲ್ಲ, ಒಳಗೆ ಹೋಗಿ ಗೋಡೆಗೆ ಒರಗಿ ಕೂತಿತ್ತು. ಆದರೆ ಅದು ಮಾಮುವಿಗೆ ಗೊತ್ತಿರಬೇಕಲ್ಲ!

ಆದಾಯದ ಸರ್ಟಿಫಿಕೇಟಿಗೆಂದು ನಾನೂ ಮಾಮುವೂ ತಾಲ್ಲೂಕು ಕಚೇರಿಗೆ ಹೋದಾಗ ಗ್ರಾಮಲೆಕ್ಕಿಗರು ಅಂಗಡಿ ಯಾವುದೆಂದು ಕೇಳಿ, ತಾವೇ ಒಂದು ಅಂದಾಜು ಬರೆದರು. ಅವರು ಬರೆದದ್ದನ್ನು ಮೇಜಿನ ಈಚೆಯಿಂದ ತಲೆಕೆಳಗಾಗಿಯೇ ಓದಿದ ಮಾಮು ಸಿಡಿದರು. ಆಗ ಬಂದದ್ದೇ ಮೇಲೆ ಹೇಳಿದ ಮಾತು. ಆಮೇಲೆ ತಮ್ಮ ಕಡೆಯ ಅಂಕಿಯನ್ನು ಘೋಷಿಸಿದರು. ಅಷ್ಟು ವರಮಾನವಿದ್ದರೆ ನಾವೇ ನಾಲ್ಕು ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡಬಹುದಿತ್ತು!

ಗ್ರಾಮಲೆಕ್ಕಿಗರು ಪೆನ್ನು ಕೆಳಗಿಟ್ಟರು. "ಸಾಬ್ರೇ, ಎಣ್ಣೆ ಮಿಲ್ ಸಾವ್ಕಾರ್ರೂ ನನ್ ಮುಂದೆ ಇಷ್ಟು ಹೇಳಲ್ಲ."

"ಅವ್ರು ಸುಳ್ಳು ಹೇಳ್ತಾರೆ ಸ್ವಾಮಿ. ನಾವು ಮರ್ಯಾದಸ್ಥರು!"

"ಹುಡ್ಗಿಗೆ ಸ್ಕಾಲರ್‌ಶಿಪ್ ಬೇಕೋ ಬ್ಯಾಡ್ವೋ?"

"ಬೇಕು. ಅದು ಅವ್ಳ ಬುದ್ಧಿಗೆ ಕೊಡೋದು. ನನ್ ಬಡತನಕ್ಕಲ್ಲ."

ಗ್ರಾಮಲೆಕ್ಕಿಗರು ಫೈಲು ಮುಚ್ಚಿದರು. "ನಾಳೆ ಮನೆಗೇ ಬಂದು ನೋಡ್ತೀನಿ ಬಿಡ್ರಿ" ಎಂದರು.

ಸರಿ, ಮರುದಿನ ನಮ್ಮ ಮನೆ ಅರಮನೆಯಾಯಿತು! ಎದುರು ಮನೆಯ ಶೇಂಗಾ ವ್ಯಾಪಾರಿಯ ಹೆಂಡತಿ ಗೌರಕ್ಕನ ಸೋಫಾ, ಅವರದೇ ಗೋಡೆ ಗಡಿಯಾರ, ಯಾರದೋ ಟೇಬಲ್ ಫ್ಯಾನು, ಇನ್ಯಾರದೋ ಟೇಪ್‌ರೆಕಾರ್ಡರು ಎಲ್ಲವೂ ಬೆಳಗಾಗುವಷ್ಟರಲ್ಲಿ ನಮ್ಮ ಮನೆ ಸೇರಿದವು. ಅಮ್ಮಿ ಹಣೆ ಹಣೆ ಚಚ್ಚಿಕೊಂಡರು. "ಹುಚ್ಚಪ್ಪಾ, ನಾವು ಬಡವರು ಅಂತ ತೋರಿಸ್ಬೇಕಾದ್ದು ಕಣೋ!" ಮಾಮು ಕೇಳಿಸಿಕೊಳ್ಳಲಿಲ್ಲ. ಗ್ರಾಮಲೆಕ್ಕಿಗರು ಬಂದರು, ಸೋಫಾದ ಮೇಲೆ ಕೂತರು, ಶರಬತ್ತು ಕುಡಿದರು, ಸುತ್ತಲೂ ನೋಡಿದರು. ಮಾಮುವಿನ ಮುಖ ಬೆಳಗುತ್ತಿತ್ತು. ಅಷ್ಟರಲ್ಲಿ ಗೌರಕ್ಕ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು.

"ಅಣ್ಣಾ, ನಮ್ಮನಿಗೆ ಬೀಗರು ಬಂದವ್ರೆ. ಸೋಫಾ ಬೇಕಾಗೈತೆ. ಯಜಮಾನ್ರೇ, ಒಂಚೂರು ಏಳ್ತೀರಾ?"

ಗ್ರಾಮಲೆಕ್ಕಿಗರು ಎದ್ದರು. ಸೋಫಾ ಹೋಯಿತು. ಹಿಂದೆಯೇ ಗಡಿಯಾರವೂ ಹೋಯಿತು. ಅವರು ನಗಲಿಲ್ಲ, ಅದು ಅವರ ದೊಡ್ಡತನ. ನೆಲದ ಮೇಲೆ ಚಾಪೆ ಹಾಸಿಸಿಕೊಂಡು ಕೂತು, ಉಳಿದ ಶರಬತ್ತು ಕುಡಿದು, ಅಮ್ಮಿಯನ್ನು ಕೇಳಿ ನಿಜವಾದ ವರಮಾನ ಬರೆದುಕೊಂಡು ಹೋದರು. ಸರ್ಟಿಫಿಕೇಟು ಕೈಗೆ ಬಂದ ದಿನ ಮಾಮು ಅದನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿದು ತಂದು ನನ್ನ ಮುಂದೆ ಹಾಕಿದರು.

ಆಮೇಲೆ ಮೊಳಕಾಲ್ಮೂರಿನಲ್ಲಿ ಅಬ್ಬಾನ ಕಡೆಯ ಒಂದು ಮದುವೆ. ಊಟದ ಹೊತ್ತಿಗೆ ಫುಪ್ಪು, ಅಂದರೆ ಅಬ್ಬಾನ ಅಕ್ಕ, ಎಲ್ಲರೆದುರು ಕೇಳಿಯೇಬಿಟ್ಟರು. "ಹುಡ್ಗೀನ ಅಷ್ಟು ದೂರ ಓದಿಸ್ತಿದ್ದೀಯಲ್ಲ, ಖರ್ಚಿಗೆ ಹೆಂಗೆ?"

ಮಾಮು ಮೀಸೆ ನೀವಿದರು. "ಸರ್ಕಾರ ಇನಾಮು ಕೊಡ್ತೈತೆ. ನಾನು ಬ್ಯಾಡ ಅಂದೆ. ಬಿಡಲಿಲ್ಲ."

ಆಗಬೇಕಾದದ್ದೇ ಆಯಿತು. ಊಟ ಮುಗಿಯುವಷ್ಟರಲ್ಲಿ ಹೆಣ್ಣುಮಕ್ಕಳ ತಾಯಂದಿರು ಮಾಮುವನ್ನು ಸುತ್ತುವರಿದರು. "ನಮ್ಮ ಮಗ್ಳಿಗೂ ಆ ಇನಾಮು ಕೊಡಿಸ್ರಿ!" ಮಾಮು ಸಿಕ್ಕಿಬಿದ್ದರು ಎಂದು ನಾನು ಒಳಗೊಳಗೇ ನಕ್ಕೆ. ಆದರೆ ಅವರು ಗಂಭೀರವಾಗಿ ಕೈಯೆತ್ತಿ, "ಕೊಡಿಸ್ತೀನಿ. ಆದ್ರೆ ಆಫೀಸಿನಾಗೆ ನಿಮ್ ವರಮಾನ ಎಷ್ಟೈತೋ ಅಷ್ಟೇ ಹೇಳ್ಬೇಕು. ಜಂಬ ಗಿಂಬ ಮಾಡ್ಬಾರ್ದು!" ಎಂದು ಉಪದೇಶ ಮಾಡಿದರು. ಅಮ್ಮಿಗೆ ಬಾಯಲ್ಲಿದ್ದ ಅನ್ನ ನೆತ್ತಿಗೇರಿತು. ಇಷ್ಟಾದರೂ ಮಾಮು ಅಂಗಡಿ ಮುಚ್ಚಿ, ಬಸ್ಸು ಹತ್ತಿ, ಆ ತಾಯಂದಿರನ್ನು ಕಚೇರಿಯಿಂದ ಕಚೇರಿಗೆ ಕರೆದೊಯ್ದದ್ದು ನಿಜ. ಫುಪ್ಪುವಿನ ಮಗಳು ಕಾಲೇಜು ಸೇರಿದ್ದೂ ನಿಜ.

ಸ್ಕಾಲರ್‌ಶಿಪ್ ಸಿಕ್ಕರೆ ಮುಗಿಯಿತೇ? ಉಳಿಸಿಕೊಳ್ಳಬೇಡವೇ? ಶೇಕಡಾ ಎಪ್ಪತ್ತೈದು ಹಾಜರಿ ಇರಬೇಕೆಂಬ ನಿಯಮವಿತ್ತು. ಇದು ಕಿವಿಗೆ ಬಿದ್ದದ್ದೇ ತಡ, ಒಂದು ಬೆಳಿಗ್ಗೆ ಮಾಮು ಹೇಳದೆ ಕೇಳದೆ ವಿಶ್ವವಿದ್ಯಾಲಯಕ್ಕೆ ಬಂದಿಳಿದರು. ಸಫಾರಿ, ಅತ್ತರು, ಗತ್ತು ನೋಡಿದ ಜವಾನ ಯಾರೋ ದೊಡ್ಡ ಅಧಿಕಾರಿ ತಪಾಸಣೆಗೆ ಬಂದರೆಂದು ತಿಳಿದು, ಸೀದಾ ನಮ್ಮ ಕ್ಲಾಸಿಗೆ ಕರೆತಂದು ಕೂರಿಸಿದ. ನಮ್ಮ ಮೇಷ್ಟರೂ ಹಾಗೇ ತಿಳಿದು, ಎಂದೂ ಇಲ್ಲದಷ್ಟು ಚೆನ್ನಾಗಿ ಪಾಠ ಮಾಡಿದರು! ಕೊನೆಗೆ ಹಾಜರಿ ಕೂಗುವಾಗ ನನ್ನ ಸರದಿ ಬಂತು. ಹಿಂದಿನ ಬೆಂಚಿನಲ್ಲಿದ್ದ ಮಾಮುವನ್ನು ಕಂಡ ಗಾಬರಿಯಲ್ಲಿ ನನ್ನ ಬಾಯಿಂದ ಸ್ವರ ಹೊರಡಲಿಲ್ಲ. ಮಾಮು ಎದ್ದು ನಿಂತು ಕೂಗಿದರು.

"ಐದಾಳೆ ಸಾರ್! ಅಗೋ, ಎರಡನೇ ಬೆಂಚಿನಾಗೆ! ಬರ್ಕಳ್ರಿ!"

ಓದು ಮುಗಿಯುವವರೆಗೂ ಹಾಜರಿಯ ಹೊತ್ತಿಗೆ ಇಡೀ ಕ್ಲಾಸು ನನ್ನ ಪರವಾಗಿ "ಐದಾಳೆ ಸಾರ್" ಎಂದು ಕೂಗುತ್ತಿತ್ತು.

ಎರಡನೇ ವರ್ಷ ನನಗೆ ಕಾಮಾಲೆಯಾಯಿತು. ಕಣ್ಣು ಅರಿಶಿನವಾಗಿ ಊರಿಗೆ ಬಂದೆ. ಅಮ್ಮಿ ಡಾಕ್ಟರಿಗೆ ತೋರಿಸೋಣವೆಂದರೆ ಮಾಮು ಒಪ್ಪಲಿಲ್ಲ. "ಕಾಮಾಲೆ ಬಗ್ಗೆ ಡಾಕ್ಟ್ರಿಗೇನು ಗೊತ್ತು? ರಾಂಪುರದ ಹತ್ರ ಪಂಡಿತ್ರು ಐದಾರೆ" ಎಂದು ಅಲ್ಲಿಗೆ ಕರೆದೊಯ್ದರು. ಅವರು ಹಾಲಿನಲ್ಲಿ ಯಾವುದೋ ಸೊಪ್ಪು ಅರೆದು ಕೊಟ್ಟರು. ಯಾವ ಸೊಪ್ಪೆಂದು ಸಸ್ಯಶಾಸ್ತ್ರದ ವಿದ್ಯಾರ್ಥಿನಿ ಕೇಳಿದರೆ ಪಂಡಿತರು ಸೊಪ್ಪು ಹಿಡಿದ ಮುಷ್ಟಿ ಇನ್ನಷ್ಟು ಬಿಗಿ ಮಾಡಿದರು! ಅಂತೂ ವಾಸಿಯಾಯಿತು. ಆದರೆ ಹಾಜರಿ ಕಮ್ಮಿಯಾಗಿತ್ತು. ಸ್ಕಾಲರ್‌ಶಿಪ್ ನಿಲ್ಲಿಸುವುದಾಗಿಯೂ, ಪೋಷಕರು ಬಂದು ಕಾಣಬೇಕೆಂದೂ ಕಚೇರಿಯಿಂದ ಹೇಳಿದರು.

ಮಾಮು ಸಫಾರಿ ತೊಟ್ಟು ಬಂದರು. ನನಗೆ ಭಯ. ಇವರು ಇಲ್ಲೂ ಜಂಬ ಕೊಚ್ಚಿ, ಜಗಳ ತೆಗೆದು, ಇದ್ದದ್ದನ್ನೂ ಕಳೆದರೆ? ಅಧಿಕಾರಿ ಒಬ್ಬ ಮೇಡಂ. ಮಾಮುವನ್ನು ಮೇಲಿಂದ ಕೆಳಗೆ ನೋಡಿ, "ಡಾಕ್ಟರ್ ಸರ್ಟಿಫಿಕೇಟ್ ಇಲ್ಲ ಅಂದರೆ ನಾವೇನೂ ಮಾಡೋಕಾಗಲ್ಲ. ನೀವು ಅನುಕೂಲಸ್ಥರ ಹಾಗೆ ಕಾಣ್ತೀರಿ. ಇನ್ನು ಒಂದೇ ಸೆಮಿಸ್ಟರ್ ಅಲ್ವಾ, ನೀವೇ ಓದಿಸಿ" ಎಂದರು.

ನಾನು ಕಣ್ಣು ಮುಚ್ಚಿದೆ. ಈಗ ನವಾಬರ ಕಾಲ ಬಂದೇ ಬರುತ್ತದೆ!

ಮಾಮು ನನ್ನ ಕಡೆ ತಿರುಗಿ, "ಬೇಟಿ, ಹೊರಗೆ ಹೋಗಿ ನೀರು ಕುಡ್ದು ಬಾ" ಎಂದರು.

ಹೊರಗೆ ಬಂದೆ. ಆದರೆ ಬಾಗಿಲ ಪಕ್ಕದಲ್ಲೇ ನಿಂತೆ. ಒಳಗಿನಿಂದ ಮಾಮುವಿನದೆಂದು ನಂಬಲಾಗದಷ್ಟು ಸಣ್ಣ ದನಿ ಕೇಳಿಸಿತು.

"ನಾವು ಬಡವ್ರು ಮೇಡಂ. ಡಾಕ್ಟ್ರಿಗೆ ತೋರ್ಸೋಕೆ ನನ್ ಕೈಯಾಗೆ ಏನೂ ಇರ್ಲಿಲ್ಲ. ಪಂಡಿತ್ರೇ ಒಳ್ಳೇರು ಅಂತ ಮನೇಲಿ ಸುಳ್ಳು ಹೇಳ್ದೆ. ಮಗೀಗೆ ಏನಾದ್ರೂ ಆಗಿದ್ರೆ... ಆ ತಪ್ಪು ನಂದು. ಅವ್ಳ ಓದು ನಿಲ್ಲಿಸ್ಬೇಡ್ರಿ. ಬೇಕಾದ್ರೆ ಕಾಲಿಗೆ ಬೀಳ್ತೀನಿ."

ಕುರ್ಚಿ ಸರಿದ ಸದ್ದು. "ಏಳಿ, ಏಳಿ, ಹಾಗೆಲ್ಲ ಮಾಡಬೇಡಿ" ಎಂದು ಮೇಡಂ ಅನ್ನುತ್ತಿದ್ದರು. ವಿಭಾಗದ ಮುಖ್ಯಸ್ಥರಿಂದ ಒಂದು ಪತ್ರ ತರಲಿ, ಮುಂದೆ ಹಾಜರಿ ಸರಿಮಾಡಿಕೊಳ್ಳಲಿ, ಸ್ಕಾಲರ್‌ಶಿಪ್ ನಿಲ್ಲುವುದಿಲ್ಲ ಎಂದರು.

ನಾನು ನಲ್ಲಿಯತ್ತ ಓಡಿದೆ. ಮುಖಕ್ಕೆ ನೀರು ಎರಚಿಕೊಂಡು ತಿರುಗಿದರೆ ಮಾಮು ನಿಂತಿದ್ದರು.

"ಏನಾದ್ರೂ ಕೇಳಿಸ್ತಾ?"

"ಇಲ್ಲ ಮಾಮು. ನಲ್ಲಿ ಸದ್ದಿನಲ್ಲಿ ಏನು ಕೇಳಿಸುತ್ತೆ?"

ಅವರು ಸಫಾರಿಯ ಕಾಲರು ಸರಿಮಾಡಿಕೊಂಡರು. ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಮೀಸೆ ಮೊದಲಿನಂತೆ ನೆಟ್ಟಗಾಗಿತ್ತು. "ಸರಿಯಾಗಿ ಅಂದೆ ನೋಡು! ಮೇಜು ಕುಟ್ಟಿ ಕೇಳ್ದೆ. ಎಂಥಾ ಹುಡ್ಗಿ ಅಂತ ತಿಳ್ಕೊಂಡಿದ್ದೀರಿ ನಮ್ಮವ್ಳನ್ನ, ಅಂದೆ. ಮೇಡಂ ಗಡಗಡ ನಡುಗಿಬಿಟ್ಲು!"

"ಆಮೇಲೆ ಮಾಮು?"

"ಆಮೇಲೇನು, ಕೈಮುಗಿದ್ಲು!"

ಚಳ್ಳಕೆರೆಯ ಬಸ್ಸು ಬಂತು. ಹತ್ತಿ ಕೂತವರು ಕಿಟಕಿಯಿಂದ ತಲೆ ಹೊರಹಾಕಿ ಇನ್ನೂ ಹೇಳುತ್ತಲೇ ಇದ್ದರು. ಬಸ್ಸು ನಿಧಾನಕ್ಕೆ ಹೊರಟಿತು. "ಆಮೇಲೆ? ಆಮೇಲೆ?" ಎಂದು ಕೇಳುತ್ತ, ಅದು ಗೇಟು ದಾಟುವವರೆಗೂ ನಾನು ಕಿಟಕಿಯ ಪಕ್ಕದಲ್ಲೇ ನಡೆದೆ.