ಅರಬ್ ನಾಡಿನ ಹಬ್ಬದ ನೇರ ಪ್ರಸಾರ

ರಿಯಾದಿನಲ್ಲಿ ಈದ್ ಹೇಗೆ ಆಚರಿಸುತ್ತಾರೆಂದು ಯಾರಾದರೂ ಕೇಳಿದರೆ ನಾನು ಒಂದೇ ಪದದಲ್ಲಿ ಉತ್ತರಿಸಬಲ್ಲೆ: ನಿದ್ದೆ. ಬೆಳಗ್ಗೆ ಆರರೊಳಗೆ ನಮಾಜು, ನಾಲ್ಕು ಜನರಿಗೆ ಅಪ್ಪುಗೆ, ಒಂದು ಲೋಟ ಶ್ಯಾವಿಗೆ ಪಾಯಸ, ಆಮೇಲೆ ಎಸಿಯನ್ನು ಹದಿನೆಂಟಕ್ಕೆ ಇಳಿಸಿ ಕಂಬಳಿ ಪ್ರವೇಶ. ರಂಝಾನಿನ ಮೂವತ್ತು ರಾತ್ರಿ ಕೆಟ್ಟ ನಿದ್ದೆಯನ್ನೆಲ್ಲ (ಆಫೀಸಿನಲ್ಲಿ ಮಾಡಿದ್ದನ್ನು ಲೆಕ್ಕ ಹಿಡಿಯಬೇಡಿ) ಒಂದೇ ಹಗಲಲ್ಲಿ ಸರಿಪಡಿಸುವ ಈ ಮಹಾಕಾರ್ಯದಲ್ಲಿ ನಾನು ಐದು ವರ್ಷಗಳಿಂದ ತಪ್ಪದೆ ಪಾಲ್ಗೊಂಡವನು.

ಈ ಸುಖಕ್ಕೆ ಕಲ್ಲು ಹಾಕಿದವನು ಜರ್ಮನಿಯಲ್ಲಿರುವ ತಲ್ಹಾ, ನನ್ನ ಹೆಂಡತಿ ರಮ್ಲತಳ ತಮ್ಮ.

"ತಲ್ಹಾ ಅಲ್ಲಿ ಒಂದು ತಿಂಗಳು ಮೊದಲೇ ರಜೆ ಕೇಳಿದ್ದಾನೆ, ಗೊತ್ತುಂಟಾ?" ಎಂದಳು ರಮ್ಲತ್. "ಮ್ಯಾನೇಜರ್ ಯಾವ ತಾರೀಕು ಅಂತ ಕೇಳಿದ್ರೆ ಇವನು, ಚಂದ್ರ ಕಂಡ ಮೇಲೆ ಹೇಳ್ತೇನೆ ಅಂದನಂತೆ. ಆ ಮನುಷ್ಯ ಹೆದರಿ ಎರಡು ದಿನ ಕೊಟ್ಟ. ಅವರ ಮಸೀದಿ ಅಂದ್ರೆ ಹಳೇ ಸೋಫಾ ಗೋಡೌನು. ಜಾಗ ಸಾಲದೆ ಮೂರು ಸರ್ತಿ ನಮಾಜು. ಮಕ್ಕಳ ಶಾಲೆಗೆ ಚೀಟಿ ಬರೆದು ಕೊಡ್ಬೇಕು. ಅಷ್ಟು ಕಷ್ಟದಲ್ಲೂ ಹಾಲ್ ಹಿಡಿದು, ಬಣ್ಣದ ಕಾಗದ ಕಟ್ಟಿ ಹಬ್ಬ ಮಾಡ್ತಾರೆ. ನಿಮಗೆ ಕೇಳದೇ ಐದು ದಿನ ರಜೆ ಉಂಟು, ಗಲ್ಲಿಗೊಂದು ಮಸೀದಿ ಉಂಟು. ನೀವು ಎಂತ ಮಾಡ್ತೀರಿ? ಗೊರಕೆ!"

"ಇಡೀ ದೇಶ ಮಲಗಿರುವಾಗ ನಾನೊಬ್ಬ ಎದ್ದು ಕೂತರೆ ಇಲ್ಲಿರಲಿಕ್ಕೆ ಕೊಟ್ಟ ಇಕಾಮಾವನ್ನೇ ಕ್ಯಾನ್ಸಲ್ ಮಾಡಿಯಾರು ಮಾರಾಯ್ತಿ."

"ತಮಾಷೆ ಸಾಕು. ಹಬ್ಬದ ದಿನ ಹನ್ನೊಂದು ಗಂಟೆಗೆ ಆ ಹಾಲಿನ ದೊಡ್ಡ ಪರದೆಯಲ್ಲಿ ನಾವು ಬರ್ತೇವೆ. ಅಲ್ಲಿಯ ಮಕ್ಕಳಿಗೆ ಅರಬ್ ನಾಡಿನ ಹಬ್ಬ ತೋರಿಸ್ತೇನೆ ಅಂತ ತಮ್ಮನಿಗೆ ಮಾತು ಕೊಟ್ಟಾಗಿದೆ. ನನ್ನ ಮರ್ಯಾದೆ ಈಗ ನಿಮ್ಮ ಎರಡು ಕಣ್ಣಲ್ಲಿ ಉಂಟು. ಮುಚ್ಬೇಡಿ."

ನಾನು ಎದ್ದು ನಿಂತು ಘನ ಪ್ರತಿಜ್ಞೆ ಮಾಡಿದೆ: ಈ ಈದಿಗೆ ನನ್ನ ರೆಪ್ಪೆ ರೆಪ್ಪೆಯನ್ನು ಮುಟ್ಟದು!

ಹಬ್ಬದ ಬೆಳಗ್ಗೆ ನಮಾಜು ಮುಗಿಸಿದವನೇ ಸಂಭ್ರಮದ ದೃಶ್ಯ ಹುಡುಕಿಕೊಂಡು ಬೀದಿ ಬೀದಿ ಅಲೆದೆ. ಅಂಗಡಿಗಳ ಶಟರು ಕೆಳಗೆ. ಸಿಗ್ನಲ್ ದೀಪ ಯಾರೂ ಇಲ್ಲದ ರಸ್ತೆಗೆ ನಿಷ್ಠೆಯಿಂದ ಬಣ್ಣ ಬದಲಿಸುತ್ತಿತ್ತು. ಸಿಕ್ಕಿದ ಏಕೈಕ ಜೀವಿಯ ಬಗ್ಗೆ ಮನೆಗೆ ಫೋನು ಮಾಡಿದೆ.

"ಬೆಕ್ಕು ತೋರಿಸಿದ್ರೆ ಆಗ್ತದಾ?"

"ಎದ್ದಿದೆಯಾ?"

"ಇಲ್ಲ. ಕಾರಿನ ಮೇಲೆ ಮಲಗಿದೆ."

"ಜನ ತನ್ನಿ!"

ಜನ ಎಂದರೆ ನನಗೆ ನಿಝಾಮುದ್ದೀನ್. ನನ್ನ ಆಫೀಸಿನವನೇ, ಬ್ರಹ್ಮಚಾರಿ, ಮತ್ತಿಬ್ಬರ ಜೊತೆ ಒಂದೇ ರೂಮಿನಲ್ಲಿ ವಾಸ.

"ಶಫೀಕ್, ಹಬ್ಬದ ದಿನ ಯಾರಾದ್ರೂ ಎಬ್ಬಿಸ್ತಾರಾ ಮಾರಾಯ?" ಎಂದು ಅವನು ಫೋನಿನಲ್ಲಿ ಕಂಬಳಿಯೊಳಗಿಂದ ನರಳಿದ.

"ಬಿರಿಯಾನಿ ಉಂಟು."

"ಲಿಫ್ಟಿನಲ್ಲಿದ್ದೇನೆ."

ಮೂವರೂ ಇಸ್ತ್ರಿ ಹಾಕಿದ ಬಿಳಿ ನಿಲುವಂಗಿಯಲ್ಲಿ ಬಂದು ಕೂತಾಗ ನಮ್ಮ ಕೋಣೆ ಅರಮನೆಯ ದರ್ಬಾರಿನಂತೆ ಕಂಡಿತು. ನಾನು ಮಾಡಿದ ತಪ್ಪು ಒಂದೇ. ಕರೆ ಬರುವ ಮೊದಲೇ ಬಡಿಸಿದೆ. ಹತ್ತೂವರೆಗೆ ನಿಝಾಮುದ್ದೀನ್ ಕಾರ್ಪೆಟಿನ ಮೇಲೆ ಉದ್ದಕ್ಕೆ ಬಿದ್ದಿದ್ದ. ಉಳಿದಿಬ್ಬರು ಒಬ್ಬರಿಗೊಬ್ಬರು ಊರುಗೋಲಾಗಿ ಕೂತಲ್ಲೇ ಮುಗಿದಿದ್ದರು. ಅಲುಗಾಡಿಸಿದೆ, ನೀರು ಚಿಮುಕಿಸಿದೆ. ಮಳೆ ಬಂತೆಂದು ಮಗ್ಗುಲು ಬದಲಿಸಿದರು.

ನಾನು ಸೋಲಲಿಲ್ಲ. ಮೂರು ಲೋಟ ಕಹಿ ಕಾಫಿ ಕುಡಿದು, ಸೋಫಾದಲ್ಲಿ ನೆಟ್ಟಗೆ ಕೂತು, ಭಾಷಣ ಅಭ್ಯಾಸ ಮಾಡಿದೆ. "ಜರ್ಮನಿಯ ಪ್ರೀತಿಯ ಮಕ್ಕಳೇ..." ಎರಡನೇ ವಾಕ್ಯ ಮರೆತಿತ್ತು. ನೆನಪಿಸಿಕೊಳ್ಳಲಿಕ್ಕೆಂದು (ಅದಕ್ಕೆಂದು ಮಾತ್ರ) ಕಣ್ಣು ಮುಚ್ಚಿದೆ.

ತೆರೆದಾಗ ಗಂಟೆ ಮೂರು. ಎದುರಿಗೆ ರಮ್ಲತ್ ಕೂತಿದ್ದಳು. ಕೋಪ ಇರಲಿಲ್ಲ. ಅದಕ್ಕೇ ನಾನು ಗಡಬಡಿಸಿ ನೆಟ್ಟಗೆ ಕೂತೆ.

"ಕರೆ ಬಂತಾ?"

"ಬಂತು. ನಾನು ಸಲಾಂ ಹೇಳಿ, ಹಿಂದೆ ನೋಡಿದೆ. ನಿಮ್ಮನ್ನು ಎಬ್ಬಿಸ್ಲಿಕ್ಕೆ ಆಗ್ಲಿಲ್ಲ. ಹಬ್ಬದ ದಿನ ಸುಳ್ಳು ಹೇಳ್ಲಿಕ್ಕೂ ಆಗ್ಲಿಲ್ಲ. ಫೋನು ನಿಮ್ಮ ಕಡೆ ತಿರುಗಿಸಿ, ಇದೇ ಮಕ್ಕಳೇ ಅರಬ್ ನಾಡಿನ ಹಬ್ಬ ಅಂದೆ."

ತಲ್ಹಾನ ಸಂದೇಶ ಕೇಳಿಸಿದಳು. "ಭಾವಾ, ಎಂತ ಕಾರ್ಯಕ್ರಮ! ಮಕ್ಕಳು ಐಸ್‌ಕ್ರೀಮ್ ಬಿಟ್ಟು ನೋಡಿದ್ರು. ನಿಮ್ಮ ಗೊರಕೆ ಸ್ಪೀಕರಲ್ಲಿ ಬಂದಾಗ ಚಪ್ಪಾಳೆಯೋ ಚಪ್ಪಾಳೆ!" ಜೊತೆಗೆ ಮಕ್ಕಳು ಬಿಡಿಸಿದ ಇಪ್ಪತ್ತೆರಡು ಚಿತ್ರಗಳು. ಇಪ್ಪತ್ತೆರಡರಲ್ಲೂ ನಾನೇ, ಬಾಯಿ ತೆರೆದುಕೊಂಡು. ಒಂದರಲ್ಲಿ ನನ್ನ ಬಾಯೊಳಗೆ ಒಂಟೆಯೊಂದು ನೆರಳಿಗೆ ನಿಂತಿತ್ತು.

"ಬಕ್ರೀದಿಗೂ ಇದೇ ಬೇಕಂತೆ. ಆಯ್ತು ಅಂದಿದ್ದೇನೆ" ಎಂದಳು ರಮ್ಲತ್.

ಹೊಸ ಆಜ್ಞೆ ಹೊರಟಿದೆ. ಹನ್ನೊಂದಕ್ಕೆ ಸರಿಯಾಗಿ, ಹೊಸ ಬಟ್ಟೆಯಲ್ಲಿ, ಬೆಳಕಿಗೆ ಮುಖ ಮಾಡಿ ನಾನು ಗಾಢವಾಗಿ ಮಲಗಿರಬೇಕು. ಪ್ರತಿ ಶುಕ್ರವಾರ ತಾಲೀಮು. ಕಂಪನಿ ಬಸ್ಸಿನಲ್ಲಿ ನಿಂತೇ ನಿದ್ರಿಸಬಲ್ಲ ನಾನು ಈಗ ಕ್ಯಾಮೆರಾದೆದುರು ಮಲಗಿ ಛಾವಣಿಯ ಬಿರುಕು ಎಣಿಸುತ್ತಿದ್ದೇನೆ.

"ಒಂದು ನಿದ್ದೆ ಮಾಡ್ಲಿಕ್ಕೂ ಆಗುದಿಲ್ವಾ ನಿಮಗೆ?" ಎನ್ನುತ್ತಾಳೆ ರಮ್ಲತ್. "ನಿಝಾಮುದ್ದೀನರನ್ನು ಕರೆಸ್ಬೇಕಾ?"

ಬೇಡ ಎಂದಿದ್ದೇನೆ. ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಪಟ್ಟು ಹಿಡಿದು ಮಲಗಿದ್ದೇನೆ. ಇನ್ನೂ ಎಚ್ಚರವಿದೆ.