ಮಂಟಪದ ಆ್ಯಪಿಗೆ ಬಾಣ ಬಿಟ್ಟದ್ದು

ತೊಂದರೆ ಶುರುವಾದದ್ದು ಒಂದು ಕರಿಚುಕ್ಕೆಯಿಂದ.

ಶಿರಸಿಯ ಕಂಪ್ಯೂಟರ್ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ ಉಲ್ಲಾಸ, ಬನವಾಸಿ ಕಡೆಯ ಒಂದು ಊರಿನ ಕಲ್ಯಾಣಮಂಟಪಕ್ಕೆ ಬುಕಿಂಗ್ ಆ್ಯಪ್ ಮಾಡಬೇಕಿತ್ತು. ಮೊಬೈಲಿನಲ್ಲಿ ಯಾವ ಪರದೆಯಾದ ಮೇಲೆ ಯಾವ ಪರದೆ ಬರುತ್ತದೆಂದು ಚೌಕ, ಬಾಣ, ವಜ್ರಾಕೃತಿಗಳಲ್ಲಿ ತೋರಿಸುವ ಆಕ್ಟಿವಿಟಿ ಡಯಾಗ್ರಾಮನ್ನು ಚಾದರದಷ್ಟು ದೊಡ್ಡ ಹಾಳೆಯಲ್ಲಿ ಮುದ್ರಿಸಿ ತಂದು ಮಂಟಪದ ಸಮಿತಿಯ ಮುಂದೆ ಬಿಚ್ಚಿದ್ದ. "ಇವತ್ತು ಚಿತ್ರಕ್ಕೆ ಒಪ್ಪಿಗೆ ತಂದ್ರೆ ನೌಕರಿ ಕಾಯಂ. ತರದಿದ್ರೆ ನಾಳೆಯಿಂದ ಬರೂದೇ ಬೇಡ" ಎಂದು ಮಾಲೀಕ ರವೀಂದ್ರ ಬೆಳಿಗ್ಗೆಯೇ ಹರಸಿ ಕಳಿಸಿದ್ದರು.

"ತಮ್ಮಾ, ಇದೇನಿದು ಮ್ಯಾಲ?" ಅಧ್ಯಕ್ಷ ಚಂದ್ರಶೇಖರಪ್ಪ ಕನ್ನಡಕ ಏರಿಸಿದರು.

"ಇಲ್ಲಿಂದ ಶುರು ಅಂತ ಗುರುತು ಸರ್. ಎಲ್ಲಾ ಕಡೆ ಹಿಂಗೇ ಹಾಕೂದು."

"ಮದುವಿ ಮಾತು ತಗಿಯೂ ಮುಂದ ಕರಿಚುಕ್ಕಿ?" ಸಮಿತಿಯ ಹಿರಿಯ ಸದಸ್ಯೆ ಪಾರ್ವತವ್ವ ಎದ್ದೇ ಬಂದರು. "ನಿಮ್ಮನ್ಯಾಗ ಲಗ್ನಪತ್ರಿಕಿಗೆ ಅರಿಷಿಣದ ಬದಲಿ ಕಾಡಿಗಿ ಹಚ್ತೀರೇನಪಾ?" ಎಂದವರೇ ಕುಂಕುಮದ ಭರಣಿ ತರಿಸಿ ಚುಕ್ಕೆಯನ್ನು ಮುಚ್ಚಿಬಿಟ್ಟರು.

ಮುಂದೆ 'ಹೆಸರು' ಎಂಬ ಚೌಕ, ಅದಾದ ಮೇಲೆ 'ದಿನ ಖಾಲಿ ಇದೆಯೇ?' ಎಂಬ ವಜ್ರ. ಅದರಿಂದ ಎರಡು ಬಾಣ: ಹೌದು, ಇಲ್ಲ.

"ಶುಭಕಾರ್ಯ ಅಂತ ಬಂದವ್ರಿಗೆ ಮುಖದ ಮ್ಯಾಲ ಇಲ್ಲ ಅನ್ನೂದ?" ಅಧ್ಯಕ್ಷರು ಕನ್ನಡಕವನ್ನೇ ತೆಗೆದುಬಿಟ್ಟರು.

"ಆ ದಿನ ಬೇರೆಯವ್ರಿಗೆ ಹೋಗಿದ್ರೆ ಮತ್ತೆಂತ ಹೇಳೂದು ಸರ್?"

"ಚಾ ಕೊಡೂದು. ಮಳಿ-ಬೆಳಿ ಕೇಳೂದು. ಎರಡನೇ ಚಾ ಬಂದಾಗ ಅವ್ರ ತಿಳ್ಕೊಂತಾರ."

"ಮೊಬೈಲಲ್ಲಿ ಚಾ ಹೆಂಗೆ?"

"ಅದಕ್ಕ ಅಲ್ಲೇನು ನಿನ್ನ ಕರಿಸಿದ್ದು?"

ಉಲ್ಲಾಸ ಪೆನ್ನು ತೆಗೆದು 'ಚಹಾ' ಎಂಬ ಚೌಕ ಬರೆದ. ನೌಕರಿಗಾಗಿ ಮನುಷ್ಯ ಇನ್ನೂ ಏನೇನೋ ಬರೆಯುತ್ತಾನೆ.

ಒಬ್ಬರಿಗೆ ಚೌಕ ಸಿಕ್ಕಿತೆಂದರೆ ಇನ್ನೊಬ್ಬರು ಸುಮ್ಮನಿರುತ್ತಾರೆಯೇ? ಪಾತ್ರೆ ಕೋಣೆಯ ಮಾದೇವ ಬಾಗಿಲಿಂದಲೇ ಕೂಗಿದ. "ಕೊಪ್ಪರಿಗಿ ತೊಳದ ಕೊಟ್ಟಾರೋ ಇಲ್ಲೋ, ಅದಕ್ಕೊಂದು ವಜ್ರ ಹಾಕ್ರಿ. ತೊಳೀದಿದ್ರ ಬಾಣ ಎಲ್ಲಿಗೆ?"

"ಹಿಂದಿನ ಪರದೆಗೆ."

"ಪರದೆಗ್ಯಾಕ್ರೀ, ಹಳ್ಳಕ್ಕ ಕಳಸ್ರೀ!"

ಬೀಗರು ಮುನಿಸಿಕೊಂಡರೆ ಒಂದು ಬಾಣ, ಓಲಗದವರು ಊಟಕ್ಕೆ ಮೊದಲೇ ಕುಳಿತರೆ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಹಾಳೆ ಶ್ಯಾವಿಗೆ ಒಣಹಾಕಿದ ಚಾಪೆಯಂತಾಗಿತ್ತು. ಆದರೆ ಒಂದು ಅದ್ಭುತವೂ ನಡೆದಿತ್ತು. ಮಂಟಪಕ್ಕೆ ಯಾವ ಬಣ್ಣ ಬಳಿಯಬೇಕೆಂದು ಇಂದಿಗೂ ಕಾದಾಡುವ ಸಮಿತಿ, ಪ್ರತಿಯೊಬ್ಬರಿಗೂ ತಮ್ಮ ತಮ್ಮ ಬಾಣ ಕಂಡದ್ದರಿಂದ, ಒಕ್ಕೊರಲಿನಿಂದ ಕೈ ಎತ್ತಿತು.

"ಚಿತ್ರ ಪಾಸ್!" ಅಧ್ಯಕ್ಷರು ಮೇಜು ಕುಟ್ಟಿದರು.

ಉಲ್ಲಾಸನ ಕಣ್ಣು ತುಂಬಿತು. "ಹಂಗಾದ್ರೆ ಆ್ಯಪ್ ಶುರು ಮಾಡ್ಲಾ ಸರ್?"

"ಇನ್ನ ಆ್ಯಪ್ ಯಾಕೋ ತಮ್ಮಾ? ನಾವು ಕೆಲಸ ಹೆಂಗ ಮಾಡ್ತೀವಿ ಅಂತ ನಮಗ ಇವತ್ತ ಗೊತ್ತಾತ ನೋಡು. ಇದನ್ನ ಗ್ವಾಡಿಗೆ ಹಚ್ಚಿದ್ರ ಸಾಕು."

ಮಾದೇವ ಆಗಲೇ ಅನ್ನದ ಗಂಜಿ ತಂದು ಹಾಳೆಯ ಬೆನ್ನಿಗೆ ಬಳಿಯುತ್ತಿದ್ದ. ಉಲ್ಲಾಸ ಮಾಲೀಕರಿಗೆ ಫೋನು ಹಚ್ಚಿದ. ಅಧ್ಯಕ್ಷರು ಅದನ್ನು ಕಸಿದುಕೊಂಡು, ಅಂಗಳದ ಆಚೆ ತುದಿಗೆ ಹೋಗಿ, ಬಹಳ ಹೊತ್ತು ನಕ್ಕು ಮಾತಾಡಿ, ನಗುತ್ತಲೇ ವಾಪಸು ಕೊಟ್ಟರು.

"ಶಭಾಶ್ ಉಲ್ಲಾಸ" ಎಂದರು ರವೀಂದ್ರ. "ನಾನು ಮಾತಿಗೆ ತಪ್ಪುವವ ಅಲ್ಲ. ನಿನ್ನ ನೌಕರಿ ಕಾಯಂ. ಅಲ್ಲೇ. ಆ ಚಿತ್ರ ಓದಿ ಹೇಳೂಕೆ ಅವ್ರಿಗೆ ಒಬ್ಬ ಜನ ಬೇಕಂತೆ."

ಸಂಜೆ ಪಾರ್ವತವ್ವ ಮೊಮ್ಮಗಳ ಮದುವೆಗೆ ದಿನ ಗೊತ್ತುಮಾಡಲು ಗೋಡೆಯ ಮುಂದೆ ಬಂದು ನಿಂತರು. 'ಹೆಸರು' ಎಂಬ ಮೊದಲ ಚೌಕದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿ, ತಿರುಗಿ ಉಲ್ಲಾಸನನ್ನು ದುರುಗುಟ್ಟಿ ನೋಡಿದರು.

"ನಿಮ್ಮ ಹೆಸರು ಹೇಳಿ" ಎಂದ ಉಲ್ಲಾಸ.